ರಸಮಂಜರಿ ಸ್ಟೇಜಿಗೆ ಒಂದು ಸಣ್ಣ ಆಂಪ್: ನಾನು ಆರಿಸಿಕೊಂಡ ಬಗೆ

ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ನಮ್ಮ ತಂಡಕ್ಕೆ ಬಿಡುವಿರುವುದಿಲ್ಲ. ಇವತ್ತು ಮಂಡ್ಯ ಕಡೆಯ ಹಳ್ಳಿ, ನಾಳೆ ಬೆಂಗಳೂರಿನ ಯಾವುದೋ ಬಡಾವಣೆ. ರಸಮಂಜರಿಯಲ್ಲಿ ಗಿಟಾರ್ ನುಡಿಸುವವನಿಗೆ ಒಂದೇ ರಾತ್ರಿಯಲ್ಲಿ ಎಂಬತ್ತರ ದಶಕದ ಕೋರಸ್ (ಒಂದೇ ಗಿಟಾರ್ ಹಲವು ಗಿಟಾರಿನಂತೆ ಕೇಳಿಸುವ ಎಫೆಕ್ಟ್) ಹಾಕಿದ ಕ್ಲೀನ್ ಟೋನೂ, ಅಂದರೆ ಒಡೆಯದ ತಿಳಿ ಸದ್ದೂ ಬೇಕು, ಈಗಿನ ಹಾಡಿನ ಡಿಸ್ಟಾರ್ಷನ್ನೂ, ಅಂದರೆ ಬೇಕೆಂದೇ ಒಡೆಸಿದ ಒರಟು ಸದ್ದೂ ಬೇಕು. ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಢೋಲಕ್ ಎಲ್ಲ ಟಿಟಿಗೆ (ಟೆಂಪೋ ಟ್ರಾವೆಲರ್) ತುಂಬಿದ ಮೇಲೆ ಹಿಂದಿನ ಸೀಟಿನ ಹತ್ತಿರ ಉಳಿದ ಜಾಗವೇ ನನ್ನ ಆಂಪಿಗೆ, ಅಂದರೆ ಗಿಟಾರ್ ಆಂಪ್ಲಿಫೈಯರಿಗೆ.

ಅದಕ್ಕೇ ಟ್ಯೂಬ್ ಆಂಪಿನ (ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವುದು) ಆಸೆಯನ್ನು ಮೊದಲೇ ಬಿಟ್ಟೆ. ಅದರ ಸದ್ದು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಾರ, ಆ ಗಾಜಿನ ಟ್ಯೂಬು, ನಮ್ಮ ಹಳ್ಳಿ ರಸ್ತೆಯ ಹಂಪು! ರಾತ್ರಿ ಹತ್ತಕ್ಕೆ ಒಂದು ಟ್ಯೂಬ್ ಹೋದರೆ ಎಲ್ಲಿಂದ ತರುವುದು? ಟ್ಯೂಬ್ ಬದಲು ಟ್ರಾನ್ಸಿಸ್ಟರ್ ಇರುವ ಸಾಲಿಡ್ ಸ್ಟೇಟ್ ಆಂಪ್ ಅಂದರೆ ಮೂಗು ಮುರಿಯುವವರಿಗೆ ನಾನು ರೋಲ್ಯಾಂಡ್ ಕಂಪನಿಯ ಜೆಸಿ-120 ಆಂಪ್ ತೋರಿಸುತ್ತೇನೆ. 1975ರಲ್ಲಿ ಬಂದದ್ದು, ಟ್ಯೂಬಿನ ಸುಳಿವೇ ಇಲ್ಲ, ಅದರ ಕ್ಲೀನಿಗೆ ಇವತ್ತಿಗೂ ಜನ ಮರುಳಾಗುತ್ತಾರೆ. ಕಷ್ಟ ಏನಂದರೆ ಅದೂ 28 ಕೆಜಿ ಹತ್ತಿರ ತೂಗುತ್ತದೆ.

ಹುಡುಕಲು ಶುರು ಮಾಡಿದಾಗ ಎಲ್ಲರೂ ಕೇಳಿದ್ದು ಒಂದೇ, "ಎಷ್ಟು ವ್ಯಾಟ್?" ವ್ಯಾಟ್ ಲೆಕ್ಕ ನಾವು ಅಂದುಕೊಂಡಷ್ಟು ನೇರ ಅಲ್ಲ. 50 ವ್ಯಾಟ್ ಬದಲು 100 ತಂದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಇನ್ನೊಂದು ಕಡೆ, 97 ಡೆಸಿಬೆಲ್ ಸೆನ್ಸಿಟಿವಿಟಿ (ಒಂದು ವ್ಯಾಟಿಗೆ ಎಷ್ಟು ಸದ್ದು ಅನ್ನುವ ಲೆಕ್ಕ) ಇರುವ ಸ್ಪೀಕರ್ ತೆಗೆದು 100 ಇರುವುದನ್ನು ಹಾಕಿದರೂ ಅಷ್ಟೇ ಲಾಭ. ವ್ಯಾಟ್ ಜಾಸ್ತಿ ಬೇಕಾಗುವುದು ಜೋರಿಗಲ್ಲ, ಕ್ಲೀನ್ ಒಡೆಯದೆ ಇರುವುದಕ್ಕೆ. ಟ್ಯೂಬ್ ಆಂಪ್ ತುಂಬಿ ಒಡೆದರೆ ಹಿತವಾಗಿಯೇ ಇರುತ್ತದೆ. ಸಾಲಿಡ್ ಸ್ಟೇಟ್ ಪವರ್ ಆಂಪ್ ಮಿತಿ ಮುಟ್ಟಿದರೆ ಕರ್ಕಶ.

ಎಫೆಕ್ಟ್ ಪೆಡಲ್ ಜೋಡಿಸುವ ಬೋರ್ಡಿನಲ್ಲೇ ಕೂರುವ ಪುಟ್ಟ ಹೆಡ್‌ಗಳನ್ನೂ (ಒಳಗೆ ಸ್ಪೀಕರ್ ಇಲ್ಲದ ಆಂಪ್) ನೋಡಿದೆ. ಅವುಗಳಲ್ಲಿ 4 ಓಮ್‌ಗೆ ಬರೆದಿರುವ ವ್ಯಾಟ್ 8 ಓಮ್ ಸ್ಪೀಕರ್ ಕ್ಯಾಬಿನೆಟ್ಟಿಗೆ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಲಾಗಿ ಕ್ಯಾಬಿನೆಟ್ ಬೇರೆ ಹೊರಬೇಕು. ಬೇಡ ಅನಿಸಿತು.

ಕೊನೆಗೆ ನಿಜವಾಗಿ ಲೆಕ್ಕಕ್ಕೆ ಬಂದದ್ದು ಹಿಂದಿನ ಜ್ಯಾಕುಗಳು. ಮೈದಾನದಲ್ಲಿ ಜನ ಕೇಳುವುದು ಸೌಂಡ್‌ನವರ ಸ್ಪೀಕರಿನಿಂದ, ನನ್ನ ಆಂಪಿನಿಂದಲ್ಲ. ಆಂಪ್ ಇರುವುದು ನನಗೆ, ಪಕ್ಕದ ಕೀಬೋರ್ಡಿನವರಿಗೆ. ಹಾಗಾಗಿ ಮಿಕ್ಸರಿಗೆ ಒಂದು ಒಳ್ಳೇ ಲೈನ್ (ಆಂಪಿನಿಂದ ಕೇಬಲ್ಲಿನಲ್ಲಿ ನೇರ ಹೋಗುವ ಸಿಗ್ನಲ್) ಕೊಡಬೇಕು, ಅದೇ ಹೊತ್ತಿಗೆ ಆಂಪಿನ ಸ್ಪೀಕರೂ ಹಾಡುತ್ತಿರಬೇಕು. ಬಾಸ್ (Boss) ಕಂಪನಿಯ ಕಟಾನಾ 50 ಮಾರ್ಕ್ 2 ಆಂಪ್ ನನಗೆ ಬಹಳ ಹಿಡಿಸಿತ್ತು. 11.6 ಕೆಜಿ, 12 ಇಂಚಿನ ಸ್ಪೀಕರ್, ಒಳಗೇ ಕೋರಸ್ಸು, ಡಿಲೇ. ಆದರೆ ಅದರಲ್ಲಿ ಹೊರಗೆ ಲೈನ್ ಕೊಡುವುದು ಹೆಡ್‌ಫೋನ್ ಜ್ಯಾಕಿನಿಂದಲೇ. ಅಲ್ಲಿ ಕೇಬಲ್ ಚುಚ್ಚಿದರೆ ಸ್ಪೀಕರ್ ಸುಮ್ಮನಾಗುತ್ತದೆ. ಮುಂದೆ ಮೈಕ್ ಇಟ್ಟು ಕೆಲಸ ನಡೆಸಬಹುದು. ಆದರೆ ಪಕ್ಕದಲ್ಲೇ ಢೋಲಕ್ ಇದ್ದರೆ ಆ ಮೈಕಿನಲ್ಲಿ ಗಿಟಾರಿಗಿಂತ ಢೋಲಕ್ಕೇ ಮುಂದು. ಅದೇ ಸರಣಿಯ 100 ವ್ಯಾಟಿನದಕ್ಕೆ ಲೈನ್ ಔಟ್ ಬೇರೆಯೇ ಇದೆ. ತೂಕ 14.8 ಕೆಜಿ. ಮೂರು ಕೆಜಿ ಜಾಸ್ತಿ ಹೊರಲು ಒಪ್ಪಿಕೊಂಡೆ, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಒಳಗೆ ಡಿಜಿಟಲ್ ಮಾಡೆಲಿಂಗ್ (ಬೇರೆ ಆಂಪುಗಳ ಸದ್ದನ್ನು ಚಿಪ್ ಅನುಕರಿಸುವುದು) ಇದೆ ಅಂತ ತಕರಾರು ಮಾಡುವವರು ಮಾಡಲಿ, ಬಿಡಿ.

ನೋಡುವಾಗ ನನ್ನದೇ ಗಿಟಾರ್, ನನ್ನದೇ ಪೆಡಲ್ ಒಯ್ದಿದ್ದೆ. ಗೇನ್ (ಒಳಗೆ ಬರುವ ಸಿಗ್ನಲ್ಲನ್ನು ಏರಿಸುವ ನಾಬ್) ಕೆಳಗಿಟ್ಟು, ವಾಲ್ಯೂಮ್ ಏರಿಸುತ್ತಾ, ಕ್ಲೀನ್ ಎಲ್ಲಿ ಒಡೆಯುತ್ತದೆ ಅಂತ ಕೇಳಿದೆ. ಪಕ್ಕದಲ್ಲಿ ಫೋನಿನಿಂದ ಸ್ಪೀಕರಿಗೆ ಜೋರಾಗಿ ಹಾಡು ಹಾಕಿಸಿದ್ದೆ. ಒಂಟಿಯಾಗಿ ಎಲ್ಲ ಆಂಪೂ ಚೆನ್ನಾಗೇ ಕೇಳುತ್ತದೆ ಅಲ್ವಾ? ಬಾಸೂ ಟ್ರೆಬಲ್ಲೂ ಏರಿಸಿ ಮಿಡ್ (ಇವೆರಡರ ನಡುವಿನ ಸದ್ದು) ಇಳಿಸಿದ ಟೋನ್ ಮನೆಯಲ್ಲಿ ಮಜಾ ಕೊಡುತ್ತದೆ. ಸ್ಟೇಜಿನಲ್ಲಿ ಕೀಬೋರ್ಡಿನ ಸ್ಟ್ರಿಂಗ್ಸ್, ಪ್ಯಾಡಿನ ಕಿಕ್ ಬಂದ ಕೂಡಲೇ, "ಗುರು, ನೀನು ನುಡಿಸ್ತಿದ್ದೀಯಾ ಇಲ್ವಾ?" ಅಂತ ಕೇಳುತ್ತಾರೆ. ಈಗ ನನ್ನ ಮಿಡ್ ಯಾವಾಗಲೂ ಅರ್ಧಕ್ಕಿಂತ ಮೇಲೆ, ಬಾಸ್ ಕೆಳಗೆ.

ಗಿಟಾರ್ ಸ್ಪೀಕರಿನ ಟ್ರೆಬಲ್ ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತದೆ. ಆಂಪ್ ನೆಲದ ಮೇಲಿದ್ದರೆ ನನ್ನ ಮೊಣಕಾಲಿಗೆ ಚೆನ್ನಾಗಿ ಕೇಳುತ್ತದೆ, ನನಗಲ್ಲ. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ಇದ್ದೇ ಇರುತ್ತದೆ. ಅದರ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ಒರಗಿಸುತ್ತೇನೆ, ಕಾಲು ಅಲುಗಾಡದ ಕುರ್ಚಿ ನೋಡಿಕೊಂಡು.

ಕರೆಂಟಿನ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಗಿಟಾರಿನ ತಂತಿ ಆಂಪಿನ ಅರ್ತಿಗೆ ಸೇರಿರುತ್ತದೆ, ಮೈಕಿನ ಜಾಲರಿ ಮಿಕ್ಸರಿನ ಅರ್ತಿಗೆ. ಆಂಪಿಗೆ ಲೈಟಿನವರ ಬೋರ್ಡಿನಿಂದ, ಮಿಕ್ಸರಿಗೆ ಜನರೇಟರಿನಿಂದ ಕರೆಂಟ್ ಬಂದು, ಒಂದು ಕಡೆ ಅರ್ತ್ ಸರಿ ಇಲ್ಲದಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರಿಗೆ ಶಾಕ್. ಹಾಗಾಗಿ ಆಂಪಿನ ಪ್ಲಗ್ ಮಿಕ್ಸರ್ ಇರುವ ಬೋರ್ಡಿಗೇ ಹಾಕಿಸುತ್ತೇನೆ. ಹಾಡು ಶುರುವಾಗುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಸೊನ್ನೆಯ ಆಸುಪಾಸು ತೋರಿಸಬೇಕು. ಗುಂಯ್ ಅನ್ನುವ ಹಮ್ ಬರುತ್ತದೆ ಅಂತ ಕೆಲವರು ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕುತ್ತಾರೆ. ದಯವಿಟ್ಟು ಬೇಡ. ಆಂಪಿಗೂ ಮಿಕ್ಸರಿಗೂ ಮಧ್ಯೆ ಒಂದು ಡಿಐ ಬಾಕ್ಸ್ (ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಪುಟ್ಟ ಡಬ್ಬಿ) ಇಟ್ಟು ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಬಿಡಿಸುವುದು ಸಿಗ್ನಲ್ ಕೇಬಲ್ಲಿನ ಗ್ರೌಂಡನ್ನು ಮಾತ್ರ, ಕರೆಂಟಿನ ಅರ್ತ್ ಇದ್ದಲ್ಲೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಇಷ್ಟು: ಎಲ್ಲ ನಾಬ್ ತಿರುಗಿಸಿ. ಕರಕರ ಅಂದರೆ ಹೆದರಬೇಡಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರಿಗೆ ಸಾಮಾನ್ಯವಾಗಿ ಹೋಗುತ್ತದೆ. ಇನ್‌ಪುಟ್ ಜ್ಯಾಕ್ ಅಲುಗಾಡಿಸಿ ನೋಡಿ. ಲೈನ್ ಔಟ್ ಕೆಲಸ ಮಾಡುತ್ತಾ ಅಂತ ಒಂದು ಹೆಡ್‌ಫೋನಿಗಾದರೂ ಹಾಕಿ ಕೇಳಿ. ಆಮೇಲೆ ಅರ್ಧ ಗಂಟೆ ಜೋರಾಗಿ ನುಡಿಸಿ, ಬಿಸಿಯಾದ ಮೇಲೂ ಸದ್ದು ಹಾಗೇ ಇದೆಯಾ ನೋಡಿ. ಅಷ್ಟು ಹೊತ್ತು ಬೇಡ ಅಂತ ಮಾರುವವರು ಆತುರ ಮಾಡಿದರೆ, ಕಾಫಿ ಕುಡಿದು ಬರ್ತೀನಿ ಅಂತ ಹೇಳಿ ಎದ್ದುಬಿಡಿ.