ಮೇಲ್ಪದರ ಸರಿ ಇಲ್ಲದಿದ್ದರೆ ಕೌದಿ ಒಪ್ಪಿಕೊಳ್ಳಬೇಡಿ

ಯಾರಾದರೂ ತಾವೇ ತುಂಡುಬಟ್ಟೆ ಜೋಡಿಸಿದ ಮೇಲ್ಪದರ ತಂದು 'ಕೌದಿ ಹೊಲಿದುಕೊಡಿ' ಅಂದರೆ, ಮುಂಗಡ ತಗೊಳ್ಳುವ ಮೊದಲೇ ಅವರ ಎದುರಿಗೇ ನೆಲದ ಮೇಲೆ ಹಾಸಿ. ಅಂಗೈಯಿಂದ ನಡುವಿನಿಂದ ಅಂಚಿನ ಕಡೆ ಸವರಿ. ಬಟ್ಟೆ ಅಲೆ ಅಲೆಯಾಗಿ ಎದ್ದರೆ ಟೇಪ್ ಹಿಡಿಯಿರಿ. ಕಳೆದ ವಾರ ನನ್ನ ಹತ್ತಿರ ಬಂದದ್ದು ನಡುವೆ 84 ಇಂಚು, ಎರಡೂ ಅಂಚಿನಲ್ಲಿ 88. ಅಳತೆ ಮಾಡದೆ ಅಂಚಿಗೆ ಉದ್ದ ಪಟ್ಟಿ ಸುಮ್ನೆ ಹೊಲಿಯುತ್ತಾ ಹೋದರೆ ಹೀಗೇ ಆಗುತ್ತದೆ. ಆ 4 ಇಂಚು ಯಾವ ಕೈಹೊಲಿಗೆಯಲ್ಲೂ ಅಡಗುವುದಿಲ್ಲ, ನೆರಿಗೆ ಬಿದ್ದೇ ಬೀಳುತ್ತದೆ.

ಜೋಡಣೆಯ ಎರಡೂ ಬದಿ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆದೂ ನೋಡಿ. ಹೊಲಿಗೆ ಬಾಯಿಬಿಟ್ಟರೆ ಅದು ಒಗೆತಕ್ಕೆ ತಡೆಯುವುದಿಲ್ಲ.

ಬೇಡ ಅನ್ನುವುದು ಕಷ್ಟ. ಅದರಲ್ಲೂ ತೀರಿಹೋದ ಅವ್ವನ ಇಳಕಲ್ ಸೀರೆಯ ತುಂಡುಗಳಾಗಿದ್ದರೆ ಜಾಸ್ತಿ ಕಷ್ಟ. 'ಕೆಟ್ಟದಾಗಿ ಹೊಲಿದಿದ್ದೀರಿ' ಅಂತ ನಾನು ಯಾವತ್ತೂ ಹೇಳುವುದಿಲ್ಲ. ಟೇಪನ್ನು ಅವರ ಕೈಗೇ ಕೊಡುತ್ತೇನೆ. 'ಅಕ್ಕಾ, ಈ ಅಂಚಿನ ಪಟ್ಟಿ ಬಿಚ್ಚಿ, ನಡುವಿನ ಅಳತೆಗೆ ಕತ್ತರಿಸಿ ಮತ್ತೆ ಹಚ್ಚಿಕೊಂಡು ಬನ್ನಿ. ಆಗ ಮನಸ್ಸಿಟ್ಟು ಹೊಲಿದುಕೊಡ್ತೀನಿ' ಅನ್ನುತ್ತೇನೆ. ಬಿಚ್ಚಬೇಕಾದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು, ಮೇಲ್ಪದರವನ್ನು ಜೋಪಾನವಾಗಿ ಮಡಚಿ ಕೊಡುತ್ತೇನೆ.