ಯಾವ ಪತ್ರಿಕೆ ಕಾಗದದಲ್ಲಿ, ಯಾವುದು ಪರದೆಯಲ್ಲಿ: ಕರಾವಳಿಯ ಓದುಗರಿಗೆ ಕೆಲವು ಸಲಹೆಗಳು

ಚಂದಾ ಮುಗಿಯುವ ಹೊತ್ತಿಗೆ ಪತ್ರಿಕೆ ತರಿಸುವ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಇನ್ನು ಮೊಬೈಲಿನಲ್ಲೇ ಓದಿದರೆ ಸಾಲದೇ, ಸುಮ್ಮನೆ ಮನೆಯಲ್ಲಿ ರಾಶಿ ಏಕೆ ಎಂದು. ಕಾಗದದ ಪಕ್ಷದವರು ಅಷ್ಟೇ ಹಟದಿಂದ ಒಲ್ಲೆ ಎನ್ನುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಯಾರೂ ಹೇಳಿಲ್ಲ. ಒಂದೊಂದು ಪತ್ರಿಕೆಯನ್ನೂ ಬೇರೆಬೇರೆಯಾಗಿ ಮುಂದಿಟ್ಟುಕೊಂಡು, ಇದನ್ನು ಮುಂದಿನ ವರ್ಷ ಮತ್ತೆ ತೆರೆಯುತ್ತೇನೆಯೇ ಎಂದು ಕೇಳಿಕೊಳ್ಳಿ. ತೆರೆಯುವುದಾದರೆ ಕಾಗದ, ಒಮ್ಮೆ ಓದಿ ಬಿಡುವುದಾದರೆ ಪರದೆ.

ನಮ್ಮದು ಉಡುಪಿಯ ಅಂಬಲಪಾಡಿಯಲ್ಲಿ ಮನೆ, ನನ್ನ ಕೆಲಸ ಮಂಗಳೂರಿನಲ್ಲಿ. ಹೋಗುವಾಗ ಬರುವಾಗ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟುವಷ್ಟು ಹೊತ್ತು ಓದಲು ಸಿಗುತ್ತದೆ. ರಾಜಕೀಯ, ಸಿನಿಮಾ, ಹಣಕಾಸಿನ ಪತ್ರಿಕೆಗಳನ್ನೆಲ್ಲ ನಾನು ಆ ಹೊತ್ತಿಗೆಂದೇ ಡಿಜಿಟಲ್ ಮಾಡಿದ್ದೇನೆ, ಏಕೆಂದರೆ ತಿಂಗಳು ಕಳೆದರೆ ಅವುಗಳಿಂದ ನನಗೆ ಬೇಕಾದ್ದು ಏನೂ ಉಳಿದಿರುವುದಿಲ್ಲ. ‘ತರಂಗ’ ಮಾತ್ರ ಕಾಗದದಲ್ಲೇ ಬರುತ್ತದೆ. ಅದು ಅತ್ತೆಯವರದು, ಪದಬಂಧವನ್ನು ಪೆನ್ಸಿಲಿನಲ್ಲಿ ತುಂಬಿಸಿ, ತಪ್ಪಾದರೆ ಅಳಿಸಿ, ಉಳಿದ ಚೌಕಗಳನ್ನು ಮಧ್ಯಾಹ್ನ ಪಕ್ಕದ ಮನೆಯವರೊಡನೆ ಚರ್ಚಿಸಿ ಮುಗಿಸುವ ಸುಖ ಪಿಡಿಎಫ್‌ನಲ್ಲಿ ಸಿಗುವಂಥದ್ದಲ್ಲ. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯೂ ಕಾಗದದಲ್ಲೇ. ಮಾವನವರು ಹಳೆಯ ಸಂಚಿಕೆಗಳನ್ನು ತೋಟದ ಕೆಲಸದ ನಡುವೆ ತೆರೆದು ನೋಡುತ್ತಾರೆ, ಮಣ್ಣಿನ ಕೈಯಲ್ಲೇ.

ಡಿಜಿಟಲ್ ಚಂದಾ ಕಟ್ಟುವ ಮೊದಲು ಒಂದು ಅಳತೆಪಟ್ಟಿ ತೆಗೆದುಕೊಳ್ಳಿ. ನಮ್ಮ ಹೆಚ್ಚಿನ ವಾರಪತ್ರಿಕೆ, ಮಾಸಿಕಗಳ ಪುಟ ಎ4 ಗಾತ್ರಕ್ಕೆ ಹತ್ತಿರ, ಅಂದರೆ ಅಗಲ ಸುಮಾರು 21 ಸೆಂಟಿಮೀಟರ್. ಮೊಬೈಲ್ ಪರದೆಯ ಅಗಲ ಸುಮಾರು 7. ಇಡೀ ಪುಟವನ್ನು ಒಮ್ಮೆಗೇ ತೋರಿಸಿದರೆ ಅಕ್ಷರ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 11 ಪಾಯಿಂಟಿನ ಅಕ್ಷರ 4 ಪಾಯಿಂಟೂ ಇರುವುದಿಲ್ಲ. ಕನ್ನಡಕ್ಕೆ ಇದು ಇನ್ನೂ ಕಷ್ಟ, ಏಕೆಂದರೆ ಒತ್ತಕ್ಷರ ಸಾಲಿನ ಕೆಳಗೆ ಇನ್ನಷ್ಟು ಸಣ್ಣದಾಗಿ ಕುಳಿತಿರುತ್ತದೆ. ಹಿಗ್ಗಿಸಿಕೊಂಡರೆ ಒಂದು ಕಾಲಂ ಮುಗಿದ ಮೇಲೆ ಮುಂದಿನ ಕಾಲಮ್ಮಿನ ತಲೆಗೆ ಪುಟವನ್ನು ಎಳೆದೊಯ್ಯಬೇಕು. ಓಡುವ ಬಸ್ಸಿನಲ್ಲಿ ಎರಡೇ ಪುಟಕ್ಕೆ ಸಾಕಾಗಿಹೋಗುತ್ತದೆ. ಹತ್ತು ಇಂಚಿನ ಟ್ಯಾಬ್ಲೆಟ್ ಆದರೆ ಅಕ್ಷರ ಮೂಲದ ಮೂರರಲ್ಲಿ ಎರಡು ಪಾಲಿನಷ್ಟು ಉಳಿಯುತ್ತದೆ, ಓದಬಹುದು. ‘ಕಸ್ತೂರಿ’ಯಂಥ ಸಣ್ಣ ಗಾತ್ರದ ಮಾಸಿಕಕ್ಕೆ ಟ್ಯಾಬ್ಲೆಟ್ ಹೇಳಿ ಮಾಡಿಸಿದಂತಿರುತ್ತದೆ. ಮೊಬೈಲಿನಲ್ಲೇ ಓದುವವರು, ಲೇಖನವನ್ನು ಬರೀ ಪಠ್ಯವಾಗಿ, ಬೇಕಾದ ಗಾತ್ರದ ಅಕ್ಷರದಲ್ಲಿ ತೋರಿಸುವ ಸೌಲಭ್ಯ ಆ ಆ್ಯಪ್‌ನಲ್ಲಿ ಇದೆಯೇ ನೋಡಿ. ಇಲ್ಲವಾದರೆ ಆ ಚಂದಾ ಬೇಡವೆಂದೇ ನನ್ನ ಖಚಿತ ಸಲಹೆ. ವರ್ಷದ ಹಣ ಕಟ್ಟುವ ಮೊದಲು ಬಿಡಿ ಸಂಚಿಕೆಯೊಂದನ್ನು ಕೊಂಡು, ನೀವು ನಿತ್ಯ ಓದುವ ಜಾಗದಲ್ಲೇ ಕುಳಿತು ಪೂರ್ತಿ ಓದಿ. ಸಂಚಿಕೆಯನ್ನು ರಾತ್ರಿ ಮನೆಯ ವೈಫೈಯಲ್ಲೇ ಇಳಿಸಿಟ್ಟುಕೊಳ್ಳಿ. ಬಣ್ಣದ ಚಿತ್ರಗಳಿರುವ ಸಂಚಿಕೆ ದಾರಿಯಲ್ಲಿ ಡೇಟಾವನ್ನು ನುಂಗುತ್ತದೆ.

ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ಪುಟದ ಮೇಲಿನ ಒಂದು ಪದವನ್ನು ಒತ್ತಿ ಹಿಡಿದು ನಕಲಿಸಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಿ. ಕನ್ನಡವೇ ಬಂದರೆ ಆ ಪತ್ರಿಕೆ ಯೂನಿಕೋಡ್‌ನಲ್ಲಿದೆ, ಅಂದರೆ ಯಂತ್ರಕ್ಕೂ ಕನ್ನಡವೆಂದೇ ತಿಳಿಯುವ ಅಕ್ಷರ ಸಂಕೇತದಲ್ಲಿದೆ. ಅದರಲ್ಲಿ ಪದ ಹುಡುಕಬಹುದು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಪುಟವನ್ನು ನುಡಿ, ಶ್ರೀಲಿಪಿಯಂಥ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕಟ್ಟಿದ್ದಾರೆ ಎಂದರ್ಥ. ಪದ ಆಯ್ಕೆಯೇ ಆಗದಿದ್ದರೆ ಪುಟ ಬರೀ ಚಿತ್ರ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಅಲ್ಲಿ ಬಿಡಿ ಅಚ್ಚುಮೊಳೆಗಳಿಲ್ಲ, ಪುಟವನ್ನು ಬರೆದು ಇಡಿಯಾಗಿ ಒತ್ತುವುದು. ಇಂದಿನ ಚಿತ್ರರೂಪದ ಪುಟವೂ ಯಂತ್ರದ ಪಾಲಿಗೆ ಆ ಕಲ್ಲಚ್ಚಿನ ಹಾಗೆಯೇ, ಅದರೊಳಗೆ ಅಕ್ಷರಗಳು ಬೇರೆಬೇರೆಯಾಗಿ ಇರುವುದಿಲ್ಲ. ಡಿಜಿಟಲ್ ಆದರೆ ಹುಡುಕುವುದು ಸುಲಭ ಎಂದು ನಂಬಿ ಹಳೆಯ ಸಂಚಿಕೆಗಳನ್ನು ತೂಕಕ್ಕೆ ಹಾಕುವವರು ಮೊದಲು ಈ ಪರೀಕ್ಷೆ ಮಾಡಬೇಕೆಂದು ನನ್ನ ಕಳಕಳಿ. ಅಂಥ ಪುಟದಿಂದ ಹಲಸಿನ ಹಪ್ಪಳದ ವಿಧಾನವೋ, ಔಷಧಿ ಗಿಡದ ಮಾಹಿತಿಯೋ ಬೇಕಿದ್ದರೆ ಗೂಗಲ್ ಲೆನ್ಸ್‌ಗೆ ತೋರಿಸಿ. ಕನ್ನಡ ಅಕ್ಷರಗಳನ್ನು ಅದು ಓದುತ್ತದೆ. ಒತ್ತಕ್ಷರಗಳಲ್ಲಿ ಎಡವುವುದರಿಂದ ಅಳತೆ, ಪ್ರಮಾಣಗಳನ್ನು ಮೂಲದೊಂದಿಗೆ ತಾಳೆ ನೋಡಿ ಉಳಿಸಿಕೊಳ್ಳಿ.

ಹಣದ ವಿಷಯ ಚಿಕ್ಕದು. ಯುಪಿಐ ಮೂಲಕ ಚಂದಾ ಕಟ್ಟುವಾಗ ಆಟೋಪೇಗೆ ಒಪ್ಪಿಗೆ ಕೊಟ್ಟಿದ್ದೀರಾ ಎಂದು ನೋಡಿಕೊಳ್ಳಿ. ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬೇಡವಾದರೆ ಪತ್ರಿಕೆಯ ಆ್ಯಪ್ ಅಳಿಸಿದರೆ ಸಾಲದು, ಯುಪಿಐ ಆ್ಯಪ್‌ನ ಒಳಗೇ ಹೋಗಿ ಆ ಒಪ್ಪಿಗೆಯನ್ನು ರದ್ದು ಮಾಡಬೇಕು. ಚಂದಾ ನಿಂತ ಮೇಲೂ ಹಳೆಯ ಸಂಚಿಕೆಗಳು ತೆರೆಯುತ್ತವೆಯೇ ಎಂಬುದನ್ನು ಷರತ್ತುಗಳಲ್ಲಿ ಓದಿಕೊಳ್ಳಿ. ನೂರಾರು ಪತ್ರಿಕೆಗಳನ್ನು ಒಂದೇ ಚಂದಾದಲ್ಲಿ ಕೊಡುವ ಕಡೆ ಸಾಮಾನ್ಯವಾಗಿ ತೆರೆಯುವುದಿಲ್ಲ. ಅಮೆಜಾನ್‌ನಷ್ಟು ದೊಡ್ಡ ಸಂಸ್ಥೆಯೇ 2023ರಲ್ಲಿ ಕಿಂಡಲ್‌ನ ಬಿಡಿ ಪತ್ರಿಕೆಗಳ ಚಂದಾ ಮಾರಾಟವನ್ನು ನಿಲ್ಲಿಸಿತು. ಬೇಕಾದ ಲೇಖನವನ್ನು ಕೈಯಲ್ಲಿರುವಾಗಲೇ ಟಿಪ್ಪಣಿ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಕಾಗದ. ಘಟ್ಟದ ಮೇಲಿನವರು ಪತ್ರಿಕೆಗಳನ್ನು ಜೋಡಿಸಿಟ್ಟು ಮರೆತರೂ ನಡೆದೀತು, ನಮಗೆ ಜೂನ್ ಬಂತೆಂದರೆ ಪ್ರತಿ ಪುಟವೂ ತೇವ ಹೀರುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 65ರಿಂದ 70 ದಾಟಿ ಹಾಗೆಯೇ ಉಳಿದರೆ ಬೂಷ್ಟು ಹಿಡಿಯುವ ಅಪಾಯ. ಇಲ್ಲಿ ಮಳೆಗಾಲವಿಡೀ ಅದಕ್ಕಿಂತ ಮೇಲೆಯೇ ಇರುತ್ತದೆ. ಆದ್ದರಿಂದ ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಅಂಗೈ ಅಗಲದಷ್ಟಾದರೂ ಜಾಗ ಬಿಡಿ. ಒರಲೆಯ ಕಾಟವಿರುವ ಮನೆಯಲ್ಲಿ ಮರದ ಕಪಾಟಿಗಿಂತ ಸ್ಟೀಲ್ ಕಪಾಟು ವಾಸಿ, ಆದರೆ ಬಿಸಿಲು ಬಂದ ದಿನ ಅದರ ಬಾಗಿಲು ತೆರೆದಿಡಬೇಕು. ಪತ್ರಿಕೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವವರಿದ್ದಾರೆ. ಒಳಗಿನ ತೇವ ಒಳಗೇ ಉಳಿದು ಪುಟಗಳು ಹಾಳಾಗುತ್ತವೆ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಡಿ. ನುಸಿಗುಳಿಗೆಯನ್ನು ಪುಟಗಳ ನಡುವೆ ಸೇರಿಸದೆ, ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿ ಇಡಿ. ನುಣುಪು ಕಾಗದದ ವಿಶೇಷಾಂಕ ನೆನೆದರೆ ಒಣಗುವವರೆಗೆ ಕಾಯಬಾರದು, ಒಣಗುತ್ತಾ ಪುಟಗಳು ಒಂದಕ್ಕೊಂದು ಅಂಟಿಬಿಡುತ್ತವೆ. ಒದ್ದೆಯಿರುವಾಗಲೇ ಮೆಲ್ಲಗೆ ಬಿಡಿಸಿ ನಡುವೆ ಬೆಣ್ಣೆಕಾಗದ ಹಾಕುತ್ತಾ ಹೋಗಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ; ಬಿಡುವಾದಾಗ ಹೊರತೆಗೆದು ಬಿಡಿಸಬಹುದು. ಸಾದಾ ಪತ್ರಿಕಾ ಕಾಗದ ಹಳದಿಯಾಗುವುದು ಮಾತ್ರ ತಪ್ಪದು. ಮರದ ತಿರುಳಿನ ಲಿಗ್ನಿನ್ ಅದರಲ್ಲೇ ಉಳಿದಿರುತ್ತದೆ, ಬೆಳಕು ತಾಗಿದಷ್ಟೂ ಬಣ್ಣ ಬೇಗ ಕೆಡುತ್ತದೆ.

ಎಲ್ಲವನ್ನೂ ಇಟ್ಟುಕೊಳ್ಳುವ ಅಗತ್ಯವಿಲ್ಲ. ವಾರಪತ್ರಿಕೆಯ ಧಾರಾವಾಹಿ ಕಂತುಗಳನ್ನು ಬಿಡಿಸಿ ಬೈಂಡ್ ಮಾಡಿಸುವ ಹಳೆಯ ಪದ್ಧತಿ ನನಗೆ ಇಂದಿಗೂ ಅತ್ಯಂತ ಪ್ರಿಯ. ಅತ್ತೆಯವರ ಸಂಗ್ರಹದಲ್ಲಿ ಹೀಗೆ ಮಾಡಿಸಿದ ಸಂಪುಟಗಳಿವೆ. ಒಂದು ಕಂತಿನ ಹಿಂಬದಿಯಲ್ಲಿ ಆ ಕಾಲದ ಸೋಪಿನ ಜಾಹೀರಾತು, ಇನ್ನೊಂದರಲ್ಲಿ ಅವರದೇ ಅಕ್ಷರದಲ್ಲಿ ಹಾಲಿನ ಲೆಕ್ಕ. ಕಂತುಗಳನ್ನು ಬಿಡಿಸುವಾಗ ಪಿನ್ನನ್ನು ಎಳೆಯಬೇಡಿ. ಹಿಂದಿನಿಂದ ಅದರ ಎರಡು ಕಾಲುಗಳನ್ನು ಚಾಕುವಿನ ತುದಿಯಿಂದ ನೆಟ್ಟಗೆ ಮಾಡಿ ಹೊರತೆಗೆದರೆ ಹಾಳೆ ಹರಿಯುವುದಿಲ್ಲ. ತುಕ್ಕು ಹಿಡಿದ ಪಿನ್ನನ್ನು ಅಲ್ಲಿಯೇ ಬಿಟ್ಟರೆ ಕಲೆ ಹಬ್ಬುತ್ತದೆ. ಕಂತುಗಳನ್ನು ಕ್ರಮವಾಗಿ ಜೋಡಿಸಿ, ಪ್ರತಿಯೊಂದರ ಮೇಲೂ ಸಂಚಿಕೆಯ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಅಂಚನ್ನು ಆದಷ್ಟು ಕಡಿಮೆ ಕತ್ತರಿಸಲು ಬೈಂಡಿಂಗ್‌ನವರಿಗೆ ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಚೊಕ್ಕವಾಗಲೆಂದು ಅಕ್ಷರದವರೆಗೂ ಕತ್ತರಿಸಿಬಿಡುತ್ತಾರೆ. ಮೈದಾ ಅಂಟಿಗೆ ಮೈಲುತುತ್ತು ಸೇರಿಸುತ್ತಾರೆಯೇ ಎಂದೂ ಕೇಳಿ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ಮೈಲುತುತ್ತು ಅಂಟಿಗೆ ಹುಳು ಬಾರದಂತೆ ಕಾಯುತ್ತದೆ. ಮನೆಯಲ್ಲೇ ಅಂಟು ಕಾಯಿಸುವವರು ಅದು ವಿಷವೆಂಬುದನ್ನು ನೆನಪಿಟ್ಟುಕೊಂಡು ಅಡುಗೆಯ ಪಾತ್ರೆಯಿಂದ ದೂರವಿಡಿ. ಬೈಂಡಿಂಗ್‌ಗೆ ಕೊಡಲು ಫೆಬ್ರವರಿ, ಮಾರ್ಚ್ ಸರಿಯಾದ ಸಮಯ. ಜುಲೈಯಲ್ಲಿ ಕೊಟ್ಟರೆ ಅಂಟು ಸರಿಯಾಗಿ ಒಣಗದೆ ರಟ್ಟು ಸೊಟ್ಟಗಾಗುತ್ತದೆ.