ಅಡಿಕೆ ಶೀಟಿನ ಮೇಲೆ ರವಿಕೆ ಪ್ಯಾಟರ್ನ್

ಕಳೆದ ತಿಂಗಳು ಕೇರಳದ ಕಾಸರಗೋಡು ಕಡೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಒಬ್ಬರು ಟೈಲರ್ ನನ್ನ ರವಿಕೆಯ ಬೆನ್ನು ನೋಡಿ, "ಇದು ಯಾರ ಕೈಯಲ್ಲಿ ಹೊಲಿಸಿದ್ದು?" ಎಂದು ಕೇಳಿದರು. ಎರಡು ವರ್ಷದ ಹಿಂದೆ ಇದೇ ಮನುಷ್ಯ, "ಲೆಕ್ಕ ಕಲಿಯದೆ ಪೇಪರ್ ಇಟ್ಟು ಕತ್ತರಿಸಿದರೆ ರವಿಕೆ ಆಗುವುದಿಲ್ಲ, ದಿಂಬಿನ ಕವರ್ ಆಗುತ್ತದೆ" ಎಂದು ನಗಾಡಿದ್ದರು. ನಾದಿನಿಯೂ ಅದನ್ನೇ ಹೇಳಿದ್ದಳು, ಸ್ವಲ್ಪ ಮೆತ್ತಗೆ. ಇವತ್ತು ಅವಳ ಕಪಾಟಿನಲ್ಲಿ ನಾನು ಹೊಲಿದ ಆರು ರವಿಕೆ ಇವೆ.

ಮೆಷಿನ್ ತುಳಿಯಲು, ಡಾರ್ಟ್ (ಬಟ್ಟೆಗೆ ಆಕಾರ ಕೊಡುವ ಮಡಿಕೆ) ಹಿಡಿಯಲು ನಿಮಗೆ ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಕ್ಲಾಸಿನಲ್ಲಿ ನಾನೂ ಮೂರು ತಿಂಗಳು ಕಲಿತೆ. ಎದೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ಒಂದೂವರೆ ಕೂಡಿಸು. ಪುಸ್ತಕದಲ್ಲಿ ಲೆಕ್ಕ ಸರಿ ಬರುತ್ತಿತ್ತು. ಮೈಮೇಲೆ ಬರುತ್ತಿರಲಿಲ್ಲ. ನನ್ನ ಬಲಗಡೆ ಭುಜ ಎಡಕ್ಕಿಂತ ಹತ್ತಿರ ಹತ್ತಿರ ಅರ್ಧ ಇಂಚು ಇಳಿದಿದೆ. ಲೆಕ್ಕಕ್ಕೆ ಅದೆಲ್ಲ ಗೊತ್ತಾಗುತ್ತದಾ?

ಹಾಗಾಗಿ ರೆಡಿ ಪ್ಯಾಟರ್ನ್, ಎಂದರೆ ಬಟ್ಟೆ ಮೇಲಿಟ್ಟು ಕತ್ತರಿಸುವ ಅಚ್ಚು, ಹುಡುಕಲು ಹೊರಟೆ. ಮೊದಲು ಫ್ಯಾನ್ಸಿ ಅಂಗಡಿಯ ಪೇಪರ್ ಕಟಿಂಗ್, ಒಂದಕ್ಕೆ ನಲವತ್ತೋ ಐವತ್ತೋ ರೂಪಾಯಿ. ನನ್ನ ಎದೆ 36, ಭುಜ 34ರವರದ್ದು. ಎರಡೂ ಸೈಜ್ ತಂದೆ, ಸಾಲದು ಎಂದು 38 ಕೂಡ ತಂದೆ. ಮೂರರಲ್ಲಿ ಒಂದೂ ಕೂರಲಿಲ್ಲ. ಮಳೆಗಾಲದಲ್ಲಿ ಅವು ಬೂಸ್ಟು ಹಿಡಿದವು, ಉಳಿದದ್ದು ಜಿರಳೆಗೆ.

ಆಮೇಲೆ ಮಾಡಿದ ಕೆಲಸ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ವಿದೇಶದ ಒಂದು ಕುರ್ತಾ ಪ್ಯಾಟರ್ನ್, ಪಿಡಿಎಫ್, ಸುಮಾರು 900 ರೂಪಾಯಿ ಕೊಟ್ಟು ತೆಗೆದುಕೊಂಡೆ. ಗಂಡನಿಗೆ 300 ಎಂದು ಹೇಳಿದ್ದೆ, ಈಗ ಗೊತ್ತಾಗಲಿ. ಜೆರಾಕ್ಸ್ ಅಂಗಡಿಯಲ್ಲಿ 28 ಹಾಳೆ ಪ್ರಿಂಟ್, ಹಾಳೆಗೆ ಮೂರು ರೂಪಾಯಿ. ಚಾವಡಿ ನೆಲದಲ್ಲಿ ಹರಡಿ, ಫ್ಯಾನ್ ಬಂದ್ ಮಾಡಿ, ಬೆವರು ಸುರಿಸುತ್ತಾ ಒಂದು ಇಡೀ ಮಧ್ಯಾಹ್ನ ಅಂಟಿಸಿದೆ. ಕತ್ತರಿಸಿ ಹೊಲಿದರೆ ಎದೆಯಲ್ಲಿ ಬಿಗಿ. ಮೊದಲ ಹಾಳೆಯ ಮೂಲೆಯಲ್ಲಿ ಅಳತೆಯ ಚೌಕ ಇರುತ್ತದಲ್ಲ, ಅದಕ್ಕೆ ಟೇಪು ಹಿಡಿದದ್ದು ಎಲ್ಲ ಮುಗಿದ ಮೇಲೆ. ಐದು ಸೆಂಟಿಮೀಟರ್ ಇರಬೇಕಾದ್ದು 4.8 ಇತ್ತು. ಪ್ರಿಂಟರ್ ಸುಮ್ನೆ ಹಾಳೆಗೆ ಹಿಡಿಸುವಷ್ಟು ಕುಗ್ಗಿಸಿಬಿಟ್ಟಿತ್ತು. ನೋಡಲು ಎರಡು ಮಿಲಿಮೀಟರ್, 36 ಇಂಚಿನಲ್ಲಿ ಅದು ಒಂದೂವರೆ ಇಂಚು. ಅಂಗಡಿ ಹುಡುಗನ ತಪ್ಪಲ್ಲ, ನಾನು ಹೇಳಿರಲಿಲ್ಲ. ಈಗ ಪೆನ್‌ಡ್ರೈವ್ ಕೊಡುವಾಗಲೇ "ಸೈಜ್ ಮಾಟ್ಟರುದ್" (ಸೈಜ್ ಬದಲಿಸಬಾರದು) ಎಂದು ಮಲಯಾಳದಲ್ಲಿ ಎರಡು ಸಲ ಹೇಳುತ್ತೇನೆ. ಮೊದಲ ಹಾಳೆ ಮಾತ್ರ ತೆಗೆಸಿ, ಚೌಕ ಅಳೆದು, ಆಮೇಲೆ ಉಳಿದದ್ದು.

ಮೂರನೆಯದ್ದು ಗಲ್ಫಿನಿಂದ ಬಂತು. ನೆರೆಮನೆಯವರ ಮಗಳು ದುಬೈಯಿಂದ ಬುರ್ಡಾ ಎಂಬ ಜರ್ಮನ್ ಹೊಲಿಗೆ ಮ್ಯಾಗಝಿನ್‌ನ ಹಳೆಯ ಸಂಚಿಕೆ ತಂದುಕೊಟ್ಟಳು. ಬಿಟ್ಟಿ! ಒಳಗಿನ ದೊಡ್ಡ ಹಾಳೆ ಬಿಡಿಸಿದರೆ ಹತ್ತಿಪ್ಪತ್ತು ಉಡುಪಿನ ಗೆರೆಗಳು ಒಂದರ ಮೇಲೊಂದು, ಕೆಂಪು, ನೀಲಿ, ಹಸಿರು. ನಮ್ಮ ಸರ್ವೆ ನಕ್ಷೆಯೇ ಎಷ್ಟೋ ವಾಸಿ. ಬೇಕಾದ ಗೆರೆಯನ್ನು ಹುಡುಕಿ ಟ್ರೇಸ್ ಮಾಡಿಕೊಳ್ಳಬೇಕು. ನಾನು 36 ಅಲ್ವಾ, 36ನೇ ಗೆರೆ ಹಿಡಿದೆ. ಅವರ 36 ಎಂದರೆ 84 ಸೆಂಟಿಮೀಟರ್ ಎದೆ, ನಮ್ಮ ಟೇಪಿನಲ್ಲಿ 33 ಇಂಚು. ನನಗೆ ಬೇಕಿದ್ದದ್ದು 40. ಅದು ಸಾಲದೆಂಬಂತೆ ಆ ಗೆರೆಗೆ ಹೊಲಿಗೆ ಮಾರ್ಜಿನ್ ಸೇರಿರುವುದಿಲ್ಲ, ನಾವೇ ಬಿಡಬೇಕು. ಗೆರೆಯ ಮೇಲೆಯೇ ಕತ್ತರಿ ಆಡಿಸಿದೆ. ಆ ಟಾಪ್ ಈಗ ಅಕ್ಕನ ಹತ್ತು ವರ್ಷದ ಮಗಳಿಗೆ ಚೆನ್ನಾಗಿ ಆಗುತ್ತದೆ.

ದಾರಿ ಸಿಕ್ಕಿದ್ದು ಅಂಗಳದಲ್ಲಿ. ಅಡಿಕೆ ಒಣಗಿಸುವ ಸೋಲಾರ್ ಗೂಡಿಗೆ ಹೊಸ ಪ್ಲಾಸ್ಟಿಕ್ ಶೀಟ್ ಹೊದೆಸುತ್ತಿದ್ದರು. ಹಳೆಯದನ್ನು ಮಡಚಿ ಕೊಟ್ಟಿಗೆಯ ಅಟ್ಟಕ್ಕೆ ಎಸೆದಿದ್ದರು. ಬಿಸಿಲಿಗೆ ಸ್ವಲ್ಪ ಹಳದಿ ತಿರುಗಿತ್ತು, ಆದರೆ ಆಚೆಯದ್ದು ಕಾಣುತ್ತಿತ್ತು. ಸಾಬೂನು ಹಾಕಿ ತಿಕ್ಕಿ ತೊಳೆದು ಒಂದು ತುಂಡು ಕತ್ತರಿಸಿದೆ. ಸಿಡಿ ಮಾರ್ಕರಿನಿಂದ ಗೆರೆ ಎಳೆದರೆ ಚೆನ್ನಾಗಿ ಕೂತಿತು. ಹರಿಯುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ. ನಮ್ಮ ಜುಲೈ ತಿಂಗಳ ಥಂಡಿಗೆ ಬ್ರೌನ್ ಪೇಪರ್ ಉಬ್ಬಿ ಅಳತೆಯೇ ಬದಲಾಗುತ್ತದೆ, ಆ ರಗಳೆಯೂ ಇಲ್ಲ.

ನನಗೆ ಚೆನ್ನಾಗಿ ಕೂರುತ್ತಿದ್ದ ಒಂದೇ ಒಂದು ರವಿಕೆ ಇತ್ತು, ಮದುವೆಯ ಸಮಯದ್ದು. ಮನಸ್ಸು ಗಟ್ಟಿ ಮಾಡಿ ಬ್ಲೇಡಿನಿಂದ ಬಿಚ್ಚಿದೆ. ಅತ್ತೆ ಆ ದಿನ ಮಾತಾಡಲಿಲ್ಲ. ಇಸ್ತ್ರಿ ಹಾಕಿ, ಮೇಲೆ ಶೀಟ್ ಹರಡಿ ಟ್ರೇಸ್ ಮಾಡಿದೆ. ಬಲ, ಎಡ ಎರಡೂ ಬೇರೆ ಬೇರೆ. ಒಂದೇ ಅರ್ಧ ತೆಗೆದು ಮಡಚಿ ಕತ್ತರಿಸುವ ಅಭ್ಯಾಸ ಇದ್ದರೆ ಬಿಡಿ. ಒಂದು ತೊಂದರೆ ಏನೆಂದರೆ ಹಳೆ ರವಿಕೆಯ ಕುತ್ತಿಗೆ, ಕಂಕುಳು ಎರಡೂ ಎಳೆದುಕೊಂಡಿರುತ್ತವೆ. ಹಾಗೇ ಟ್ರೇಸ್ ಮಾಡಿದರೆ ಹೊಸದೂ ಬಾಯಿ ಬಿಡುತ್ತದೆ.

ಅದಕ್ಕೆ ಫ್ರೀಸೂಯಿಂಗ್ ಬೇಕಾಯಿತು. ನಮ್ಮ ಅಳತೆ ಕೊಟ್ಟರೆ ನಮಗೇ ಸರಿಯಾದ ಪ್ಯಾಟರ್ನ್ ಬಿಡಿಸಿಕೊಡುವ ಸೈಟ್, ದುಡ್ಡಿಲ್ಲ. ಹೆಂಗಸರ ಮೇಲುಡುಪಿನ ಮೂಲ ಬ್ಲಾಕಿಗೆ, ಎಂದರೆ ಬೇರೆ ಉಡುಪಿಗೆಲ್ಲ ಆಧಾರವಾಗುವ ಸಾದಾ ಪ್ಯಾಟರ್ನಿಗೆ, ಅಲ್ಲಿ "ಬೆಲ್ಲಾ" ಎಂದು ಹೆಸರು. ಬೆಲ್ಲ ಸಿಹಿಯೇ, ಆದರೆ ಅಳತೆ ಕೇಳುವುದರಲ್ಲಿ ಜೀವ ತೆಗೆಯುತ್ತದೆ. ಭುಜ ಎಷ್ಟು ಡಿಗ್ರಿ ಇಳಿಜಾರು ಎಂದು ಕೂಡ ಕೇಳುತ್ತದೆ, ಮಾರಾಯ್ರೆ! ಮಗನ ಕಂಪಾಸ್ ಬಾಕ್ಸಿನ ಕೋನಮಾಪಕ ಹಿಡಿದು, ಗಂಡನನ್ನು ಹಿಂದೆ ನಿಲ್ಲಿಸಿ ಅಳೆಸಿದೆ. ಅವರು ಒಮ್ಮೆ ಹದಿನೈದು ಅಂದರು, ಒಮ್ಮೆ ಇಪ್ಪತ್ತೆರಡು. ನಡುವಿನದ್ದು ಹಾಕಿದೆ. ಪ್ರಿಂಟನ್ನು ಈ ಸಲ ಎ4 ಹಾಳೆಯಲ್ಲಿ ತೆಗೆಸಲಿಲ್ಲ. ಮಂಗಳೂರಿನಲ್ಲಿ ಮನೆ ಪ್ಲ್ಯಾನ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಒಂದೇ ದೊಡ್ಡ ಎ0 ಹಾಳೆ, ನೂರು ರೂಪಾಯಿ ಹತ್ತಿರ. ಬಸ್ಸಿನ ದುಡ್ಡು ಲೆಕ್ಕಕ್ಕಿಲ್ಲ, ಹೇಗೂ ಕಣ್ಣು ತೋರಿಸಲು ಹೋಗಬೇಕಿತ್ತು.

ಈಗ ಬೆಲ್ಲಾ ಕೆಳಗೆ, ಹಳೆ ರವಿಕೆಯ ಶೀಟ್ ಮೇಲೆ. ಶೀಟ್ ಆಚೆಯದ್ದು ಕಾಣುತ್ತದಲ್ಲ, ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕುತ್ತಿಗೆ ಹಿಂದೆ ಮುಕ್ಕಾಲು ಇಂಚು ಜಾಸ್ತಿ, ಕಂಕುಳಲ್ಲಿ ಕಾಲು ಇಂಚು. ಎಲ್ಲಿ ಬೆಲ್ಲಾ ಮಾತು ಕೇಳಬೇಕು, ಎಲ್ಲಿ ಹಳೆ ರವಿಕೆಯದ್ದು ಎಂದು ತೀರ್ಮಾನ ಮಾಡುವ ಒಂದು ಕ್ರಮ ಇದೆ. ಮಾವನ ನಾಲ್ಕು ಹಳೆ ಪಂಚೆ ಹಾಳು ಮಾಡಿ ಕಂಡುಕೊಂಡದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ನೀವೂ ಒಂದೆರಡು ಪಂಚೆ ಹಾಳು ಮಾಡಿ. ಟ್ರಯಲಿಗೆ ಕೋರಾ ಬಟ್ಟೆಗಿಂತ ಪಂಚೆ ಒಳ್ಳೆಯದು, ದುಡ್ಡೂ ಇಲ್ಲ. ಐದನೆಯದರಲ್ಲಿ ಕೂತಿತು. ಕೈ ಎತ್ತಿದರೆ ರವಿಕೆ ಮೇಲೆ ಹೋಗಲಿಲ್ಲ. ಕನ್ನಡಿ ಎದುರು ಹತ್ತು ಸಲ ಎತ್ತಿ ನೋಡಿದೆ.

ಶೀಟಿನ ತಕರಾರು ಒಂದೇ, ಬಟ್ಟೆ ಮೇಲೆ ಜಾರುತ್ತದೆ. ಗುಂಡುಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಒಡೆದ ಹಂಚಿನ ತುಂಡು ಐದಾರು ಮೇಲಿಟ್ಟರೆ ಸಾಕು. ಇಸ್ತ್ರಿ ಪೆಟ್ಟಿಗೆ ದೂರ ಇರಲಿ. ಒಂದು ತೋಳಿನ ಪ್ಯಾಟರ್ನ್ ಹಪ್ಪಳದ ಹಾಗೆ ಸುರುಟಿ ಹೋಯಿತು.

ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಹಾಳೆಯ ಬದಲು ಹಾಳೆ, ಎಂದರೆ ಅಡಿಕೆ ಹಾಳೆ. ಅದರಲ್ಲಿ ತಲೆಗಿಡುವ ಮುಟ್ಟಾಳೆ ಟೋಪಿ ಮಾಡುತ್ತಾರಲ್ಲ, ಕಾಲರಿಗೂ ಕಿಸೆಗೂ ಗಟ್ಟಿ ಅಚ್ಚು ಯಾಕೆ ಆಗಬಾರದು? ನೆನೆಸಿ, ಭಾರ ಇಟ್ಟು ಚಪ್ಪಟೆ ಮಾಡಿ ಕತ್ತರಿಸಿದೆ. ಕಿಸೆಯ ಅಚ್ಚು ಚೆನ್ನಾಗಿ ಬಂತು, ಅಂಚು ಮಡಚಿ ಇಸ್ತ್ರಿ ಹಾಕಲು ಈಗಲೂ ಅದನ್ನೇ ಇಡುತ್ತೇನೆ. ಪ್ಲಾಸ್ಟಿಕ್ಕಿನ ಹಾಗೆ ಕರಗುವುದಿಲ್ಲ. ಕಾಲರಿನದ್ದು ಮಾತ್ರ ಮೂರೇ ದಿನಕ್ಕೆ ದೋಣಿಯ ಹಾಗೆ ಬಾಗಿತು.

ಲೆಕ್ಕ ಕೇಳುವವರಿಗೆ: ದಾರಿ ತಪ್ಪಿ ಕಳೆದದ್ದು, ಬಟ್ಟೆ ಸೇರಿ, ಎರಡು ಸಾವಿರದ ಮೇಲೆ. ದಾರಿ ಸಿಕ್ಕ ಮೇಲೆ ಎ0 ಪ್ರಿಂಟ್ ಮತ್ತು ಎರಡು ಮಾರ್ಕರ್ ಸೇರಿ ನೂರೈವತ್ತು. ಲೈನಿಂಗ್ ರವಿಕೆಗೆ ಇಲ್ಲಿ ಹೊಲಿಗೆ ಕೂಲಿ ನಾನೂರರಿಂದ ಮೇಲೆ ಹೇಳುತ್ತಾರೆ. ನಾನು ಇಲ್ಲಿಯವರೆಗೆ ಇಪ್ಪತ್ತರ ಹತ್ತಿರ ಹೊಲಿದಿರಬಹುದು. ಅದೇ ಬ್ಲಾಕನ್ನು ಉದ್ದ ಮಾಡಿ ಎರಡು ಕುರ್ತಾ ಆಯಿತು. ನೈಟಿಗೆ ಬ್ಲಾಕ್ ಗೀಕ್ ಏನೂ ಬೇಡ, ಹಳೆಯದನ್ನು ಮಡಚಿ ಸುತ್ತ ಗೆರೆ ಎಳೆದರೆ ಮುಗಿಯಿತು.

ಪ್ಯಾಟರ್ನುಗಳೆಲ್ಲ ಈಗ ಅಟ್ಟದ ಪಕ್ಕಾಸಿಗೆ ಹೊಡೆದ ಮೊಳೆಯಲ್ಲಿ ನೇತಾಡುತ್ತಿವೆ, ಹೆಸರು, ತಾರೀಕು ಬರೆದು. ತಾರೀಕು ಯಾಕೆಂದರೆ ಮೈ ಬದಲಾಗುತ್ತದೆ. ನಾದಿನಿಯದ್ದನ್ನು ಇದೇ ವರ್ಷ ಎರಡು ಸಲ ತಿದ್ದಿದ್ದೇನೆ. ಗಂಡನ ಅಂಗಿಯ ಕಾಲರ್ ಪಟ್ಟಿ ಮಾತ್ರ ಇನ್ನೂ ಸರಿ ಬಂದಿಲ್ಲ. ಮೂರನೇ ಅಂಗಿ ಬಿಚ್ಚಿಟ್ಟಿದ್ದೇನೆ, ಅವರು ಹುಡುಕುತ್ತಿದ್ದಾರೆ.